ಮಾಗಡಿ ಕೆರೆಯಲ್ಲಿ ಹೆಬ್ಬಾತಿನ ಕತ್ತುಪಟ್ಟಿ ಓದಿದ್ದು ಹೀಗೆ

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಟಿಬೆಟ್, ಮಂಗೋಲಿಯಾ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಬರುವ ಹಕ್ಕಿಗಳಿವು. ಕೆಲವುಗಳ ಕತ್ತಿಗೆ ಸಂಶೋಧಕರು ಅಕ್ಷರ, ಅಂಕಿ ಇರುವ ಪ್ಲಾಸ್ಟಿಕ್ ಪಟ್ಟಿ ಹಾಕಿರುತ್ತಾರೆ. ಅದನ್ನು ಓದಿದರೆ ಹಕ್ಕಿಗೆ ಎಲ್ಲಿ ಪಟ್ಟಿ ಹಾಕಿದ್ದರು ಅಂತ ಗೊತ್ತಾಗುತ್ತದೆ.

ಸಮಸ್ಯೆ ಏನಪ್ಪಾ ಅಂದ್ರೆ, ಬಿಸಿಲು ಏರಿದ ಮೇಲೆ ಸ್ಕೋಪಿನಲ್ಲಿ (ದೂರದ ಹಕ್ಕಿ ನೋಡಲು ಟ್ರೈಪಾಡ್ ಮೇಲಿಡುವ ದುರ್ಬೀನು) ಅಂಕಿಗಳು ನೀರಿಗೆ ಬಿದ್ದ ನೆರಳಿನ ಹಾಗೆ ಅಲುಗುತ್ತಿದ್ದವು. 3 ಯಾವುದು, 8 ಯಾವುದು ತಿಳಿಯುತ್ತಲೇ ಇರಲಿಲ್ಲ. ಟ್ರೈಪಾಡಿಗೆ ಕಲ್ಲು ತುಂಬಿದ ಚೀಲ ಕಟ್ಟಿದೆ. ಟ್ರೈಪಾಡ್ ಗಟ್ಟಿ ನಿಂತಿತು, ಅಂಕಿ ಮಾತ್ರ ಹಾಗೇ. ಲೆನ್ಸ್ ಒರೆಸಿದರೂ ಅಷ್ಟೇ. ಕಾದ ನೆಲದಿಂದ ಏಳುವ ಬಿಸಿ ಗಾಳಿ ತಂಪು ಗಾಳಿಗೆ ಬೆರೆಯುವಲ್ಲಿ ಬೆಳಕು ಬಾಗುತ್ತದೆ. ಅದೇ ಕಾರಣ. ಜೂಮ್ ಜಾಸ್ತಿ ಮಾಡಿದಷ್ಟೂ ಅಲುಗಾಟವೂ ದೊಡ್ಡದಾಗಿ ಕಾಣುತ್ತದೆ.

ಈಗ ಬೆಳಕು ಹರಿಯುವಾಗಲೇ ಕೆರೆ ಏರಿ ಮೇಲೆ ಕೂರುತ್ತೇನೆ, ಸೂರ್ಯ ಬೆನ್ನಿಗೆ ಬರುವಂತೆ. ರಾತ್ರಿ ಹೊಲಗಳಲ್ಲಿ ಮೇಯ್ದ ಹೆಬ್ಬಾತುಗಳು ಬೆಳಿಗ್ಗೆ ಕೂಗುತ್ತಾ ಹಿಂಡು ಹಿಂಡಾಗಿ ನೀರಿಗೆ ಇಳಿಯುತ್ತವೆ. ಜೂಮ್ 60ರ ಬದಲು 30. ಸ್ಕೋಪಿಗೆ ಮೊಬೈಲ್ ಹಿಡಿದು ಸಣ್ಣ ವಿಡಿಯೊ ತೆಗೆದು, ಆಮೇಲೆ ಒಂದೊಂದೇ ಫ್ರೇಮ್ ನೋಡುತ್ತೇನೆ. ಎಲ್ಲೋ ಒಂದರಲ್ಲಿ ಅಂಕಿ ಸ್ಪಷ್ಟವಾಗಿ ಸಿಗುತ್ತದೆ.

ಹತ್ತಿರ ಹೋಗುವುದು ಮಾತ್ರ ಬೇಡ. ಅಷ್ಟು ದೂರದಿಂದ ಬಂದ ಹಕ್ಕಿಗಳನ್ನು ಸುಮ್ನೆ ಎಬ್ಬಿಸಬಾರದು, ಅಲ್ವಾ? ಪಟ್ಟಿಯ ಬಣ್ಣ, ದಿನಾಂಕ, ಜಾಗವನ್ನೂ ಬರೆದುಕೊಳ್ಳಿ. ಅನುಮಾನ ಇರುವ ಅಂಕಿಯ ಜಾಗದಲ್ಲಿ ಪ್ರಶ್ನೆ ಚಿಹ್ನೆ ಹಾಕಿ.