ಖಾರ್ದುಂಗ್ ಲಾಗೆ ತಯಾರಿ ನಾನು ಮಾಡಿದ್ದು ಶ್ರೀನಗರದ ದಾರೀಲಿ

ಲೇಹ್‌ನಿಂದ ಖಾರ್ದುಂಗ್ ಲಾ ಅನ್ನೋ ಲಡಾಖಿನ ಪಾಸ್‌ಗೆ (ಪಾಸ್ ಅಂದ್ರೆ ಬೆಟ್ಟ ದಾಟೋ ದಾರಿ) ಹತ್ತತ್ರ 39 ಕಿಲೋಮೀಟರ್, ನಾನು ಹತ್ತಬೇಕಿದ್ದಿದ್ದು ಸೈಕಲ್ಲಲ್ಲಿ. ಲೇಹ್ ಇರೋದು 3500 ಮೀಟರ್ ಎತ್ತರದಲ್ಲಿ, ಪಾಸ್ ಇರೋದು 5359ರಲ್ಲಿ, ಅಂದ್ರೆ ಒಂದೇ ಏರಲ್ಲಿ 1850 ಮೀಟರ್ ಮೇಲಕ್ಕೆ ಹೋಗ್ಬೇಕು. ಊರಲ್ಲಿ ಕೂತು ಈ ಲೆಕ್ಕ ಹಾಕ್ದಾಗ ನನಗೆ ನಿಜವಾಗ್ಲೂ ಆಶ್ಚರ್ಯ ಆಯ್ತು, ಯಾಕಂದ್ರೆ ನಮ್ಮ ನಂದಿ ಬೆಟ್ಟದ ಏರು ಇದಕ್ಕಿಂತ ಕಡಿದು. ನಂದೀಲಿ ಸುಮಾರು 8 ಕಿಲೋಮೀಟರಿಗೆ ನಾಲ್ಕೂವರೆ ನೂರು ಮೀಟರ್ ಏರ್ತೀವಿ, ಖಾರ್ದುಂಗ್ ಲಾದಲ್ಲಿ ಸರಾಸರಿ ನೂರು ಮೀಟರಿಗೆ ಐದು ಮೀಟರೂ ಇಲ್ಲ. ನಾಲ್ಕು ಸಲ ನಂದಿ ಹತ್ತಿದ್ರೆ ಖಾರ್ದುಂಗ್ ಲಾ ಎತ್ತರ ಲೆಕ್ಕಕ್ಕೆ ಬಂತು ಅಂದ್ಕೊಂಡು ನಾಲ್ಕು ತಿಂಗಳು ಭಾನುವಾರ ಬಂದ್ರೆ ಅದೇ ಕೆಲ್ಸ, ಮೊದ್ಲು ಎರಡು ಸಲ, ಆಮೇಲೆ ಮೂರು, ಕೊನೇಗೆ ಒಂದೇ ಬೆಳಗ್ಗೆ ನಾಲ್ಕು ಸಲನೂ ಹತ್ತಿ ಇಳ್ದೆ.

ಕಾಲು ರೆಡಿ ಆಯ್ತು. ಆದ್ರೆ ನಂದಿ ತುದಿ ಇರೋದೇ 1478 ಮೀಟರ್, ಅಲ್ಲಿ ಉಸಿರಿನ ಪಾಠ ಸಿಗಲ್ಲ. ಮೇಲೆ ಹೋದ ಹಾಗೆ ಗಾಳೀಲಿ ಆಕ್ಸಿಜನ್ ಪಾಲು ಅದೇ ಶೇಕಡಾ 21 ಇರುತ್ತೆ, ಗಾಳಿ ಒತ್ತಡ ಮಾತ್ರ ಇಳೀತಾ ಹೋಗುತ್ತೆ, ಖಾರ್ದುಂಗ್ ಲಾದಲ್ಲಿ ಸಮುದ್ರ ಮಟ್ಟದ ಅರ್ಧದಷ್ಟು ಅಂತ ಇಟ್ಕೊಳ್ಳಿ. ಅದಕ್ಕೆ ದೇಹ ಒಗ್ಗೋಕೆ ದಿನಗಳು ಬೇಕು, ಊರಲ್ಲಿ ಎಷ್ಟು ಬೆವರು ಸುರ್ಸಿದ್ರೂ ಆ ದಿನಗಳನ್ನ ಉಳ್ಸೋಕಾಗಲ್ಲ. ನೇರ ಲೇಹ್‌ಗೆ ಫ್ಲೈಟಲ್ಲಿ ಹೋಗಿ ರೂಮಲ್ಲಿ ಬಿದ್ಕೊಂಡು ಒಗ್ಗಿಸ್ಕೊಳ್ಳೋ ಬದ್ಲು ಶ್ರೀನಗರದಲ್ಲಿ ಇಳ್ದು ಅಲ್ಲಿಂದ ಸೈಕಲ್ಲಲ್ಲೇ ಲೇಹ್ ತನಕ ಹೋಗೋಣ, ದಾರೀನೇ ತಯಾರಿ ಆಗ್ಲಿ ಅಂತ ನಾನೂ ನನ್ನ ಭಾವಮೈದನೂ ತೀರ್ಮಾನ ಮಾಡಿದ್ವಿ. ಸೆಪ್ಟೆಂಬರ್ ಮೊದಲ ವಾರ ಹೊರಟಿದ್ದು.

ಸೈಕಲ್ ವಿಷ್ಯ ಮೊದ್ಲು ಹೇಳ್ತೀನಿ. ಮುಂದೆ ಪೆಡಲ್ ಹತ್ರ ಮೂರು ಚೈನ್‌ರಿಂಗ್ (ಹಲ್ಲಿನ ಚಕ್ರ) ಇರೋ ಹಳೇ ಎಂಟಿಬಿ, ಅಂದ್ರೆ ಮೌಂಟನ್ ಬೈಕ್, ತಗೊಂಡೋದೆ, ಅದರ ಚಿಕ್ಕದು 22 ಹಲ್ಲು, ಹಿಂದಿನ ಗಾಲೀಲಿರೋ ಹಲ್ಲಿನ ಚಕ್ರಗಳ ಗುಂಪಲ್ಲಿ (ಕ್ಯಾಸೆಟ್) ದೊಡ್ಡದು 34. ಈ ಗೇರಲ್ಲಿ ಪೆಡಲ್ ಒಂದು ಸುತ್ತು ಹಾಕಿದ್ರೆ ಸೈಕಲ್ ಹೆಚ್ಚುಕಮ್ಮಿ ಒಂದೂಕಾಲರಿಂದ ಒಂದೂವರೆ ಮೀಟರ್ ಮುಂದಕ್ಕೆ ಹೋಗುತ್ತೆ, ನಿಮಿಷಕ್ಕೆ 60 ಸುತ್ತು ಅಂದ್ರೆ ಗಂಟೆಗೆ 5 ಕಿಲೋಮೀಟರ್. ಮೇಲೆ ನಮ್ಮ ಸ್ಪೀಡ್ ಅಷ್ಟೇ ಇರೋದು! ರೋಡ್ ಬೈಕಲ್ಲಿ ಮುಂದೆ 34 ಹಿಂದೆ 34 ಇದ್ರೆ ಅದೇ ಸ್ಪೀಡಿಗೆ ನಿಮಿಷಕ್ಕೆ ನಲವತ್ತೇ ಸುತ್ತು, ಪ್ರತಿ ಸುತ್ತಿಗೂ ಮಂಡಿ ಮೇಲೆ ಭಾರ ಬೀಳುತ್ತೆ. ಪ್ಯಾಕ್ ಮಾಡುವಾಗ ಎಡಗಡೆ ಪೆಡಲ್ ಉಲ್ಟಾ ತಿರುಗ್ಸಿ ಬಿಚ್ಬೇಕು ಅನ್ನೋದು ನೆನಪಿಟ್ಕೊಳ್ಳಿ. ಎಕ್ಸ್‌ಟ್ರಾ ಬ್ರೇಕ್ ಪ್ಯಾಡು, ಎರಡು ಟ್ಯೂಬು, ಚೈನ್ ಲಿಂಕು, ಒಂದು ಗೇರ್ ಕೇಬಲ್ಲು, ಇಷ್ಟು ಇರ್ಲೇಬೇಕು.

ದಾರೀಲಿ ಸೋನ್‌ಮಾರ್ಗ್ ತನಕ ಸಿಂಧ್ ನದಿ (ಸಿಂಧೂ ಅಲ್ಲ, ಕಾಶ್ಮೀರದ ಬೇರೆ ನದಿ) ಪಕ್ಕದಲ್ಲೇ ಹೋಗ್ತೀವಿ, ಹಸಿರು, ನೀರಿನ ಸದ್ದು, ಏನೂ ಕಷ್ಟ ಇಲ್ಲ. ಮಾರನೇ ದಿನ ಜೋಜಿ ಲಾ, 3528 ಮೀಟರ್. ಧೂಳು, ಲಾರಿಗಳು, ಸೇನೆಯ ಕಾನ್ವಾಯ್, ನಾವು ಮುಖಕ್ಕೆ ಒದ್ದೆ ಬಟ್ಟೆ ಕಟ್ಕೊಂಡು ಅಂಚಲ್ಲಿ ನಿಂತು ನಿಂತು ಹೋದ್ವಿ. ಹತ್ತಿದ ಮೇಲೆ ಜೋರು ಖುಷಿ, ಆ ಖುಷೀಲಿ ದ್ರಾಸ್ ಕಡೆ ಇಳಿಜಾರಲ್ಲಿ ತುಳಿದಿದ್ದೇ ತುಳಿದಿದ್ದು, ನೀರು ಕುಡಿಯೋದೇ ಮರ್ತೋಯ್ತು. ದ್ರಾಸ್ ಸುಮಾರು 3300 ಮೀಟರ್. ರಾತ್ರಿ ಊಟ ಸೇರ್ಲಿಲ್ಲ, ತಲೆ ಸಿಡೀತಿತ್ತು, ಮಲ್ಗಿದ್ರೆ ನಿದ್ದೆ ಇಲ್ಲ. "ಭಾವ, ನಾಳೆ ಹೊರಡೋದು ಬೇಡ, ಸುಮ್ನಿರಿ" ಅಂತ ಅವ್ನು ಹೇಳ್ದ, ನಾನೂ ಮಾತಾಡ್ದೆ ಒಪ್ಕೊಂಡೆ. ಒಂದು ದಿನ ಪೂರ್ತಿ ಅಲ್ಲೇ ಇದ್ದು ಆಮೇಲೆ ಕಾರ್ಗಿಲ್‌ಗೆ ಇಳಿದ್ವಿ. ಕಾರ್ಗಿಲ್ 2700ರ ಆಸುಪಾಸು, ಅಲ್ಲಿ ಮಲಗಿದ ರಾತ್ರಿ ಎಷ್ಟು ಚೆನ್ನಾಗಿ ನಿದ್ದೆ ಬಂತು ಅಂದ್ರೆ ಬೆಳಗ್ಗೆ ಎದ್ದಾಗ ಬೇರೆ ಮನುಷ್ಯ ಆಗಿದ್ದೆ.

ಈ ರಸ್ತೆಯ ದೊಡ್ಡ ಉಪಕಾರ ಇದೇ. ಮೇಲೆ ಹತ್ಸುತ್ತೆ, ಮಲಗೋಕೆ ಕೆಳಗೆ ಇಳ್ಸುತ್ತೆ. ಜೋಜಿ ಲಾ ಆದ್ಮೇಲೆ ಕಾರ್ಗಿಲ್, ಆಮೇಲೆ ಮುಲ್ಬೆಕ್ ದಾಟಿ ನಮಿಕಾ ಲಾ, ಫೋತು ಲಾ (4108 ಮೀಟರ್, ಈ ದಾರೀಲಿ ಇದೇ ಎತ್ತರದ್ದು), ಅಲ್ಲಿಂದ ಲಾಮಾಯುರುಗೆ ಇಳಿಯೋದು, ಮತ್ತೆ ಸಿಂಧೂ ಕಣಿವೆಯಲ್ಲಿ ಖಲ್ಸಿ, ನಿಮ್ಮು. 3000 ಮೀಟರ್ ದಾಟಿದ ಮೇಲೆ ಮಲಗೋ ಜಾಗ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರ್ದು ಅಂತಾರಲ್ಲ, ಅದನ್ನ ದಾರೀನೇ ಹೆಚ್ಚುಕಮ್ಮಿ ಪಾಲಿಸ್ತು. ಫೋತು ಲಾ ಹತ್ತುವಾಗ ನಾನು ಒಂದೇ ಒಂದು ನಿಯಮ ಇಟ್ಕೊಂಡೆ, ಭಾವಮೈದನ ಜೊತೆ ಮಾತಾಡೋಕೆ ಆಗ್ತಿರ್ಬೇಕು. ಮಾತು ಅರ್ಧಕ್ಕೆ ನಿಂತು ಉಸಿರು ಎಳ್ಕೋಬೇಕಾಯ್ತು ಅಂದ್ರೆ ಗೇರ್ ಇಳ್ಸೋದು, ಗೇರ್ ಮುಗಿದಿದ್ರೆ ಸೈಕಲ್ ನಿಲ್ಸೋದು. ನಂದೀಲಿ ಕಲ್ತಿದ್ದ ಎದ್ದು ನಿಂತು ತುಳಿಯೋ ಅಭ್ಯಾಸ ಅಲ್ಲಿ ಬಿಟ್ಬಿಟ್ಟೆ, ಎತ್ತರದಲ್ಲಿ ಹತ್ತು ಸೆಕೆಂಡ್ ಹಾಗೆ ತುಳಿದ್ರೆ ಸುಧಾರಿಸ್ಕೊಳ್ಳೋಕೆ ಐದು ನಿಮಿಷ ಬೇಕು.

ಊಟದ ವಿಷ್ಯ. ಅಮ್ಮ ಎರಡು ಕೆಜಿ ಹುರಿಹಿಟ್ಟು ಮಾಡ್ಕೊಟ್ಟಿದ್ರು, ಬೆಲ್ಲ ಬೆರ್ಸಿ. ಬಿಸಿನೀರಿಗೆ ಹಾಕಿ ಕಲ್ಸಿದ್ರೆ ಆಯ್ತು. ಲಡಾಖಿನವ್ರು ಬಾರ್ಲಿ ಹುರಿದು ಬೀಸಿ ಮಾಡೋ ತ್ಸಂಪಾನೂ ಇದೇ ಜಾತಿ, ಲಾಮಾಯುರುನಲ್ಲಿ ನಾವು ಉಳ್ಕೊಂಡಿದ್ದ ಮನೆಯ ಅಜ್ಜಿ ನಮ್ಮ ಹಿಟ್ಟು ಬಾಯಿಗೆ ಹಾಕ್ಕೊಂಡು ನೋಡಿ ತಲೆದೂಗಿದ್ರು, ತಮ್ಮದನ್ನೂ ಒಂದು ಪೊಟ್ಟಣ ಕಟ್ಟಿಕೊಟ್ರು. ಎತ್ತರದಲ್ಲಿ ಹಸಿವೇ ಆಗಲ್ಲ, ಆದ್ರೂ ಅರ್ಧ ಗಂಟೆಗೊಮ್ಮೆ ಏನಾದ್ರೂ ಬಾಯಿಗೆ ಹಾಕ್ಕೊಳ್ಳೇಬೇಕು, ಕಡ್ಲೆಕಾಯಿ ಚಿಕ್ಕಿ, ಒಣಗಿದ ಆಪ್ರಿಕಾಟ್, ಏನಾದ್ರೂ ಸರಿ. ನೀರು ದಿನಕ್ಕೆ ನಾಲ್ಕು ಲೀಟರ್. ಒಣಗಾಳೀಲಿ ಬೆವರು ಕಾಣ್ಸೋದೇ ಇಲ್ಲ, ಅದಕ್ಕೇ ಜನ ಮೋಸ ಹೋಗೋದು.

ಲೇಹ್ ತಲುಪಿ ಎರಡು ದಿನ ಏನೂ ಮಾಡ್ಲಿಲ್ಲ. ಮೂರನೇ ದಿನ ಖಾಲಿ ಸೈಕಲ್ಲಲ್ಲಿ ಖಾರ್ದುಂಗ್ ಲಾ ದಾರೀಲಿರೋ ಸೌತ್ ಪುಲ್ಲು ಚೆಕ್‌ಪೋಸ್ಟ್ ತನಕ, ಸುಮಾರು 24 ಕಿಲೋಮೀಟರ್, ಹೋಗಿ ಟೀ ಕುಡ್ದು ವಾಪಸ್. ಇದು ಮುಖ್ಯ. ಮುಂದಿನ ಸಲ ಆ ತಿರುವುಗಳು ಪರಿಚಯದವು ಆಗಿರ್ತವೆ, ಎಲ್ಲಿ ನಿಲ್ಬೇಕು ಅಂತ ಗೊತ್ತಿರುತ್ತೆ. ಮಾರನೇ ದಿನ ರೆಸ್ಟು.

ಐದನೇ ದಿನ ಬೆಳಗ್ಗೆ ಐದೂವರೆಗೆ ಹೊರಟ್ವಿ. ಸೌತ್ ಪುಲ್ಲು ತನಕ ನಾಲ್ಕು ಗಂಟೆ. ಅಲ್ಲಿಂದ ಹದಿನೈದು ಕಿಲೋಮೀಟರಿಗೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು, ಒಂದೊಂದು ಕಿಲೋಮೀಟರಿಗೂ ನಿಂತು, ಇಪ್ಪತ್ತು ಉಸಿರು ಎಣ್ಸಿ ಮತ್ತೆ ಹತ್ತೋದು. ಒಂದು ಕಡೆ ಕರಗಿದ ಹಿಮದ ನೀರು ರಸ್ತೆ ಮೇಲೆ ಹರೀತಿತ್ತು, ಅಲ್ಲಿ ತಳ್ಕೊಂಡೇ ಹೋದೆ. ತಲೆನೋವು ಜೊತೆಗೆ ವಾಂತಿ ಬಂದ್ರೆ, ಅಥ್ವಾ ನಡೆಯುವಾಗ ತೂರಾಡಿದ್ರೆ ಆ ಕ್ಷಣಕ್ಕೇ ವಾಪಸ್ ಇಳಿಯೋದು ಅಂತ ಮೊದ್ಲೇ ಮಾತಾಡ್ಕೊಂಡಿದ್ವಿ, ಇಬ್ರಲ್ಲಿ ಯಾರಿಗೇ ಹಾಗಾದ್ರೂ ಇಬ್ರೂ ಇಳೀಬೇಕು. ಎತ್ತರದ ತೊಂದರೆಗೆ ಮಾತ್ರೆ ಬೇಕಾ ಬೇಡ್ವಾ ಅನ್ನೋದನ್ನ ಹೊರಡೋ ಮುಂಚೆ ಡಾಕ್ಟರ್ ಹತ್ರಾನೇ ಕೇಳಿ.

ಮಧ್ಯಾಹ್ನ ಎರಡು ಗಂಟೆ ಹತ್ರ ಪ್ರಾರ್ಥನಾ ಧ್ವಜಗಳು ಕಂಡ್ವು. ಭಾವಮೈದ ಮುಂದಿದ್ದ, ಕೊನೇ ತಿರುವಲ್ಲಿ ನನಗೋಸ್ಕರ ನಿಂತ್ಕೊಂಡ, ಜೊತೆಗೇ ಹೋದ್ವಿ. ಅಲ್ಲಿ ಇದ್ದಿದ್ದು ಕಾಲು ಗಂಟೆ ಅಷ್ಟೇ, ಅದಕ್ಕಿಂತ ಜಾಸ್ತಿ ಇರಬಾರ್ದು. ಬೆವರಿದ್ದ ಬನಿಯನ್ ಬದ್ಲಾಯ್ಸಿ, ಎದೆ ಮೇಲೆ ನ್ಯೂಸ್‌ಪೇಪರ್ ಮಡಚಿ ಇಟ್ಟು ಅದರ ಮೇಲೆ ವಿಂಡ್‌ಚೀಟರ್, ಎರಡು ಜೊತೆ ಗ್ಲೌಸ್. ಇಳಿಯುವಾಗ ಬ್ರೇಕ್ ಒತ್ತಿ ಹಿಡಿದೇ ಇರಬೇಡಿ, ಒತ್ತಿ ಬಿಟ್ಟು ಒತ್ತಿ ಬಿಟ್ಟು ಇಳೀರಿ, ರಿಮ್ ಬಿಸಿ ಆಗುತ್ತೆ. ಸೌತ್ ಪುಲ್ಲುನಲ್ಲಿ ನಿಂತು ಕೊನೇ ಮುಷ್ಟಿ ಹುರಿಹಿಟ್ಟನ್ನ ಬಿಸಿ ಟೀಗೆ ಕಲ್ಸ್ಕೊಂಡು ತಿಂದ್ವಿ, ಕೈ ನಡುಗ್ತಿದ್ರಿಂದ ಅರ್ಧ ಜಾಕೆಟ್ ಮೇಲೇ ಬಿತ್ತು.