ಆಲ್ಟೋ ಸಾಲಿನಲ್ಲಿ ನಿಂತು ದುಡಿಯುವುದು

ಲಂಡನ್ನಿನಲ್ಲಿ ಹಾಡಿ ಜೀವನ ಮಾಡುತ್ತೇನೆ ಅಂದರೆ ಊರಿನ ನೆಂಟರು ಕೇಳುವುದು ಒಂದೇ: ‘ಕಛೇರಿ ಎಲ್ಲೆಲ್ಲಿ ಕೊಡ್ತೀಯಮ್ಮ?’ ನಾನು ಕಛೇರಿ ಕೊಡುವವಳಲ್ಲ. ಹದಿನಾರೋ ಇಪ್ಪತ್ತೋ ಜನರ ವೃತ್ತಿಪರ ವೃಂದಗಳಲ್ಲಿ ಆಲ್ಟೋ ಹಾಡುತ್ತೇನೆ, ಅಂದರೆ ಎಲ್ಲಕ್ಕಿಂತ ಎತ್ತರದ ದನಿಯ ಸೊಪ್ರಾನೋಗಳ ಕೆಳಗಿನ ಸಾಲು. ಈ ಕೆಲಸಕ್ಕೆ ಒಳ್ಳೆಯ ಕಂಠ ಬೇಕು, ಆದರೆ ಅದು ಎಲ್ಲರಿಗೂ ಇರುತ್ತದೆ. ಮತ್ತೆ ಮತ್ತೆ ಕರೆ ಬರುವುದು ಸ್ವರಲಿಪಿಯನ್ನು ಕಂಡ ತಕ್ಷಣ ಓದಿ ಹಾಡಬಲ್ಲವರಿಗೆ, ಪಕ್ಕದವರ ದನಿಯನ್ನು ತಮ್ಮ ದನಿಗಿಂತ ಮೊದಲು ಕೇಳಿಸಿಕೊಳ್ಳುವವರಿಗೆ.

ಬಸವನಗುಡಿಯಲ್ಲಿ ಕರ್ನಾಟಕ ಸಂಗೀತ ಕಲಿತೆ, ಜೊತೆಗೆ ಬೆಂಗಳೂರಿನಲ್ಲೇ ಪಾಶ್ಚಾತ್ಯ ಸಂಗೀತದ ಟ್ರಿನಿಟಿ ಪರೀಕ್ಷೆಗಳಿಗೆ ಕೂತೆ. ಲಂಡನ್ನಿಗೆ ಓದಲು ಬಂದ ಮೇಲೆ ಸಿಕ್ಕ ಮೊದಲ ಸಂಬಳದ ಕೆಲಸ ಭಾನುವಾರದ ಚರ್ಚಿನದು, ಅದೂ ‘ಡೆಪ್’ ಆಗಿ. ಕಾಯಂ ಗಾಯಕರಿಗೆ ಬರಲಾಗದ ದಿನ ಅವರೇ ಬದಲಿಯನ್ನು ಹುಡುಕುವ ಪದ್ಧತಿ ಇಲ್ಲಿದೆ. ಹಿಂದಿನ ರಾತ್ರಿ ಮೆಸೇಜ್, ಬೆಳಿಗ್ಗೆ ಹೋದರೆ ಕೈಗೆ ಫೋಲ್ಡರ್. ಒಮ್ಮೆ ಓಡಿಸಿ ನೋಡುತ್ತಾರೆ, ಆಮೇಲೆ ಪ್ರಾರ್ಥನೆ ಶುರು. ದೊಡ್ಡ ವೃಂದಗಳ ಕಾರ್ಯಕ್ರಮಕ್ಕೂ ಎಷ್ಟೋ ಸಲ ಅದೇ ಮಧ್ಯಾಹ್ನ ಮೂರು ತಾಸಿನ ತಾಲೀಮಷ್ಟೇ.

ಕ್ಯಾಥೆಡ್ರಲ್‌ಗಳಲ್ಲಿ ಸಂಜೆ ಹಾಡುವ ಪ್ರಾರ್ಥನೆ, ಈವನ್‌ಸಾಂಗ್, ಇದಕ್ಕೆ ಗರಡಿಮನೆ. ದಿನಕ್ಕೊಂದು ಬೇರೆ ಕೃತಿ, ಜೊತೆಗೆ ಆ ದಿನಕ್ಕೆ ಗೊತ್ತುಮಾಡಿದ ಬೈಬಲ್ಲಿನ ಕೀರ್ತನೆಗಳು. ಹಳೆಯ ಪ್ರಾರ್ಥನಾ ಪುಸ್ತಕದ ಪ್ರಕಾರ ತಿಂಗಳ 15ನೇ ಸಂಜೆ 78ನೇ ಕೀರ್ತನೆ, 70ಕ್ಕೂ ಹೆಚ್ಚು ವಚನ. ಸ್ವರ ಕೆಲವೇ ಕೆಲವು, ಮಾತು ರಾಶಿ. ಮಾತಿನ ಓಟದಲ್ಲಿ ಎಲ್ಲರೂ ಒಂದೇ ಗಳಿಗೆಯಲ್ಲಿ ಸ್ವರ ಬದಲಿಸಬೇಕು. ಇಲ್ಲಿ ಆಲ್ಟೋ ಜಾಗ ಶತಮಾನಗಳ ಕಾಲ ಗಂಡಸರದ್ದೇ ಆಗಿತ್ತು. ಸೇಂಟ್ ಪಾಲ್ಸ್ ಕ್ಯಾಥೆಡ್ರಲ್ ಕ್ಯಾರಿಸ್ ಜೋನ್ಸ್ ಅವರನ್ನು ಕಾಯಂ ಗಾಯಕಿಯಾಗಿ ತೆಗೆದುಕೊಂಡದ್ದು 2017ರಲ್ಲಿ. ನನ್ನಂಥವರಿಗೆ ಆ ಸುದ್ದಿ ಎಷ್ಟು ದೊಡ್ಡದಾಗಿತ್ತೆಂದು ಹೇಳಿ ಮುಗಿಯುವುದಿಲ್ಲ.

ಓದುವುದನ್ನು ನಾನು ರೂಢಿಸಿಕೊಂಡದ್ದು ಸ್ವರಸ್ಥಾನಗಳ ದಾರಿಯಿಂದ. ಹದಿನಾರನೇ ಶತಮಾನದ ಯೂರೋಪಿನ ಸಂಗೀತಕ್ಕೆ, ಅದರ ‘ಮೋಡ್’ ಎಂಬ ಸ್ವರಶ್ರೇಣಿಗಳಿಗೆ ಅದು ಚೆನ್ನಾಗಿ ಹೊಂದುತ್ತದೆ. ಡೋರಿಯನ್ ಅಂದರೆ ಖರಹರಪ್ರಿಯದ ಸ್ವರಗಳು, ಫ್ರಿಜಿಯನ್ ಅಂದರೆ ತೋಡಿಯವು, ಮಿಕ್ಸೊಲಿಡಿಯನ್ ಹರಿಕಾಂಭೋಜಿಯವು. ಬರೋಕ್ ಅಂದರೆ 17-18ನೇ ಶತಮಾನದ ಶೈಲಿಯ ವಾದ್ಯಗಳ ಜೊತೆ, ಶ್ರುತಿಗೆ ಆಧಾರವಾದ ಎ ಸ್ವರ 440 ಹರ್ಟ್ಸ್ ಬಿಟ್ಟು 415ಕ್ಕೆ, ಅಂದರೆ ಅರ್ಧ ಸ್ವರ ಕೆಳಗೆ ಇಳಿದಾಗ, ಷಡ್ಜವನ್ನು ಎಲ್ಲಿ ಬೇಕಾದರೂ ಇಟ್ಟು ಹಾಡಿದ ನಮಗೆ ಏನೂ ಅನ್ನಿಸುವುದಿಲ್ಲ. ಆದರೆ ಷಡ್ಜವೇ ನಿಲ್ಲದ ಇಪ್ಪತ್ತನೇ ಶತಮಾನದ ಕೃತಿಗಳಿಗೆ ಈ ದಾರಿ ಸಾಲದು. ಅವಕ್ಕೆ ಸ್ವರದಿಂದ ಸ್ವರಕ್ಕಿರುವ ಅಂತರವನ್ನೇ ಬೇರೆಯಾಗಿ ಕಲಿಯಬೇಕಾಯಿತು. ದಿನವೂ ಹೊಸ ಪುಟ, ಪಿಯಾನೋ ಮುಟ್ಟದೆ.

ಎಲ್ಲಕ್ಕಿಂತ ಹೆಚ್ಚು ಕೈಹಿಡಿದದ್ದು ತಂಬೂರಿ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಮಂದ್ರ ಷಡ್ಜದಿಂದ ತಾನಾಗಿ ಏಳುತ್ತದಲ್ಲ, ಸ್ವಯಂಭೂ ಗಾಂಧಾರ, ಅದು ಪಿಯಾನೋದ ಅಂತರ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಕೆಳಗಿದೆ. ಅರ್ಧ ಸ್ವರವೆಂದರೆ 100 ಸೆಂಟ್, ಲೆಕ್ಕ ಹಾಕಿಕೊಳ್ಳಿ. ವಾದ್ಯವಿಲ್ಲದೆ ಹಾಡುವಾಗ ಕೃತಿಯ ಕೊನೆಯ ಕಾರ್ಡ್‌ನಲ್ಲಿ, ಅಂದರೆ ಒಟ್ಟಿಗೆ ಮೊಳಗುವ ಸ್ವರಗಳ ಗುಂಪಿನಲ್ಲಿ, ಗಾಂಧಾರ ಬಹಳ ಸಲ ಆಲ್ಟೋಗಳ ಪಾಲಿಗೇ ಬರುತ್ತದೆ. ಪಿಯಾನೋದ ಎತ್ತರದಲ್ಲಿ ಹಾಡಿದರೆ ಕಾರ್ಡ್ ಗಡಸಾಗಿರುತ್ತದೆ, ತಂಬೂರಿಯ ಗಾಂಧಾರಕ್ಕೆ ಇಳಿಸಿದರೆ ಕಲ್ಲಿನ ಗೋಡೆಗಳೆಲ್ಲ ಮೊಳಗುತ್ತವೆ. ಅಂಥ ಸ್ವರದ ಮೇಲೆ ಪೆನ್ಸಿಲ್ಲಿನಲ್ಲಿ ಕೆಳಮುಖದ ಸಣ್ಣ ಬಾಣ ಹಾಕಿಕೊಳ್ಳುತ್ತೇನೆ. ನಿರ್ದೇಶಕರ ಕೈ ನೋಡಲೇಬೇಕಾದ ಕಡೆ ಇಲ್ಲಿ ಎಲ್ಲರೂ ಬಿಡಿಸುವುದು ಒಂದು ಕನ್ನಡಕದ ಚಿತ್ರ. ಉಸಿರಿಗೂ ಗುರುತು ಬೇಕು, ಯಾಕೆಂದರೆ ದೀರ್ಘ ಸ್ವರದಲ್ಲಿ ಪಕ್ಕದವರೂ ನಾನೂ ಒಟ್ಟಿಗೆ ಉಸಿರೆಳೆದರೆ ಸಾಲೇ ತುಂಡಾಗುತ್ತದೆ. ಅವರು ಎಳೆಯದ ಕಡೆ, ಸ್ವರದ ನಟ್ಟನಡುವೆ ನಾನು ಎಳೆದು, ಮೆಲ್ಲಗೆ ಮತ್ತೆ ಸೇರಿಕೊಳ್ಳುತ್ತೇನೆ.

ಹದಿನಾರನೇ ಶತಮಾನದ ಇಂಗ್ಲಿಷ್ ಸಂಗೀತಕಾರ ಟ್ಯಾಲಿಸ್‌ನ ‘ಸ್ಪೆಮ್ ಇನ್ ಆಲಿಯಮ್’ ಹಾಡುವಾಗ ಪಕ್ಕದವರ ಆಸರೆಯೂ ಇಲ್ಲ. ಎಂಟು ಗುಂಪು, ಗುಂಪಿಗೆ ಐದು ದನಿ, ಒಟ್ಟು 40 ಬೇರೆ ಬೇರೆ ಸಾಲು. ಮೊದಲ ಸ್ವರಕ್ಕೇ ಬಹಳ ಹೊತ್ತು ಕಾಯಬೇಕಾದವರು ಇರುತ್ತಾರೆ. ನಾನು ಬೆರಳ ಗೆಣ್ಣಿನ ಮೇಲೆ ತಾಳ ಎಣಿಸುತ್ತಾ ಕಾದೆ. ಒಟ್ಟು ನಲವತ್ತೂ ದನಿ ಕೂಡಿದಾಗ ಮೈ ಝುಮ್ಮೆಂದರೂ ಎಣಿಕೆ ಬಿಡುವಂತಿಲ್ಲ.

ಒಂದು ಧ್ವನಿಮುದ್ರಣ ಕೇಳಿಸಿದಾಗ ಅಮ್ಮ, ‘ಎಲ್ಲಾ ಚೆನ್ನಾಗಿದೆ ಕಣೇ, ಆದ್ರೆ ನಿನ್ನ ದನಿ ಯಾವುದೂಂತ್ಲೇ ಗೊತ್ತಾಗ್ಲಿಲ್ಲ’ ಅಂದರು. ಗಮಕ ತುಂಬಿದ ಕಂಠವನ್ನು ನೇರ ಸ್ವರಕ್ಕೆ ಒಗ್ಗಿಸಲು ಪಟ್ಟ ಶ್ರಮವೆಲ್ಲ ಸಾರ್ಥಕವಾಯಿತು ಅನ್ನಿಸಿತು.

ದುಡ್ಡಿನ ವಿಷಯ ಮುಚ್ಚಿಡುವುದಿಲ್ಲ. ಬ್ರಿಟನ್ನಿನಲ್ಲಿ ನಾವು ಬಹುತೇಕ ಎಲ್ಲರೂ ಫ್ರೀಲಾನ್ಸ್, ಹಾಡಿದ ದಿನಕ್ಕೆ ಮಾತ್ರ ಕೂಲಿ. 2020ರಲ್ಲಿ ಡೈರಿಯೇ ಖಾಲಿಯಾಯಿತು, ಆನ್‌ಲೈನ್ ಪಾಠ ಹೇಳಿ ಬಾಡಿಗೆ ಕಟ್ಟಿದೆ. ಈಗಲೂ ಪಾಠ ಬಿಟ್ಟಿಲ್ಲ. 1924ರಲ್ಲಿ ಶುರುವಾದ ಬಿಬಿಸಿ ಸಿಂಗರ್ಸ್ ವೃಂದವನ್ನು ಮುಚ್ಚುತ್ತೇವೆಂದು 2023ರ ಮಾರ್ಚ್‌ನಲ್ಲಿ ಬಿಬಿಸಿ ಪ್ರಕಟಿಸಿತು. ಲಕ್ಷಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದ ಮೇಲೆ ಆ ನಿರ್ಧಾರವನ್ನು ಕೈಬಿಟ್ಟಿತು. ತಿಂಗಳ ಸಂಬಳವೇ ಬೇಕೆನ್ನುವವರು ಜರ್ಮನಿಯ ರೇಡಿಯೋ ವೃಂದಗಳತ್ತ, ಆಪೆರಾ ವೃಂದಗಳತ್ತ ನೋಡಬೇಕು, ಜರ್ಮನ್ ಕಲಿತು.

ಬೆಂಗಳೂರಿನ ಹುಡುಗ ಹುಡುಗಿಯರು ಎಲ್ಲಿಂದ ಶುರುಮಾಡಲಿ ಎಂದು ಕೇಳುತ್ತಿರುತ್ತಾರೆ. ಸ್ಟಾಫ್ ನೊಟೇಶನ್, ಅಂದರೆ ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿ, ಓದುವುದನ್ನು ಈಗಲೇ ಹಿಡಿಯಿರಿ, ಅದು ತಡವಾದಷ್ಟೂ ಕಷ್ಟ. ಊರಲ್ಲಿರುವ ಯಾವುದಾದರೂ ಕಾಯರ್ ಸೇರಿ, ಒಂದು ಸಾಲಿಗೆ ನೀವೊಬ್ಬರೇ ನಿಲ್ಲುವ ಅವಕಾಶ ಕೇಳಿ ಪಡೆಯಿರಿ. ತಂಬೂರಿ ಬಿಡಬೇಡಿ. ಇಲ್ಲಿಗೆ ಬಂದ ಮೇಲೆ ಕೆಲಸದ ಮೆಸೇಜ್‌ಗೆ ಆಗುತ್ತದೋ ಇಲ್ಲವೋ ಬೇಗ ಉತ್ತರಿಸಿ, ಒಪ್ಪುವ ಮೊದಲು ಸಂಭಾವನೆ ಎಷ್ಟು, ಯಾವಾಗ ಎಂದು ಬರಹದಲ್ಲೇ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ, ಇಲ್ಲಿ ಎಲ್ಲರೂ ಕೇಳುತ್ತಾರೆ.