ಶಿಡ್ಲಘಟ್ಟದ ತಾರಸಿಯಿಂದ ಗೋಚರ ವಿಶ್ವ ತೋರಿಸುವುದು ಹೇಗೆ

ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವುದು, ಮುಗಿಸಿ ಎದ್ದ ರೇಷ್ಮೆ ಹುಳುಗಳಿಗೆ ರಾತ್ರಿಯೂ ಸೊಪ್ಪು ಹಾಕಬೇಕು. ಶಿಡ್ಲಘಟ್ಟದ ಕಡೆ ರೇಷ್ಮೆ ಮಾಡುವವರಿಗೆ ಇದು ಗೊತ್ತಿರುವುದೇ. ಸೊಪ್ಪು ಹಾಕಿ ಮುಗಿದರೆ ನಾನು ಸೀದಾ ತಾರಸಿ ಹತ್ತುತ್ತೇನೆ. ಹೋದ ಕಾರ್ತಿಕದಲ್ಲಿ ಅಣ್ಣನ ಮಗಳೂ ಹಿಂದೆ ಬಂದಳು. "ಚಿಕ್ಕಪ್ಪ, ಗೋಚರ ವಿಶ್ವ ಅಂದ್ರೆ ದೊಡ್ಡ ಟೆಲಿಸ್ಕೋಪಿಗೆ ಕಾಣೋದಾ?" ಅಂದಳು. ಅಲ್ಲ. ಅವಳಿಗೆ ತೋರಿಸಿದ್ದನ್ನೇ ಇಲ್ಲಿ ಬರೆದಿದ್ದೇನೆ. ನಿಮ್ಮ ಮನೆ ಮಕ್ಕಳಿಗೂ ಮಾಡಿ ತೋರಿಸಿ.

ಮೊದಲ ಕೆಲಸ ಹಗಲಲ್ಲಿ. ನಮ್ಮ ಕಡೆ ಕಲ್ಲು ಕ್ವಾರಿಗಳಿಗೇನೂ ಬರವಿಲ್ಲ. ದೂರದಲ್ಲಿ ಬಂಡೆ ಸಿಡಿದು ದೂಳು ಎದ್ದಿದ್ದು ಕಂಡ ತಕ್ಷಣ ಸೆಕೆಂಡ್ ಎಣಿಸಲು ಶುರು ಮಾಡಿ. ಶಬ್ದಕ್ಕೆ ಒಂದು ಕಿಲೋಮೀಟರ್ ಬರಲು ಹೆಚ್ಚುಕಡಿಮೆ ಮೂರು ಸೆಕೆಂಡ್ ಬೇಕು. ಆರಕ್ಕೆ 'ಢಂ' ಅಂದರೆ ಕ್ವಾರಿ ಎರಡು ಕಿಲೋಮೀಟರ್ ದೂರ. ಈಗ ಮಗುವನ್ನು ಕೇಳಿ: ನಾಲ್ಕು ಎಣಿಸಿದಾಗ ಕಿವಿ ಎಷ್ಟೇ ಚುರುಕಾಗಿದ್ರೂ ಕೇಳ್ತಿತ್ತಾ? ಶಬ್ದ ಇನ್ನೂ ದಾರಿಯಲ್ಲೇ ಇತ್ತು. ಭೌತಶಾಸ್ತ್ರದವರು ಗೋಚರ ಅನ್ನುವುದು ಈ ಅರ್ಥದಲ್ಲಿ. ಅಲ್ಲಿಂದ ಹೊರಟ ಸುದ್ದಿ ಇಲ್ಲಿಗೆ ಮುಟ್ಟುವಷ್ಟು ಸಮಯ ಆಗಿದೆಯಾ, ಅಷ್ಟೇ ಪ್ರಶ್ನೆ.

ಇನ್ನು ರಾತ್ರಿ. ನವೆಂಬರ್ ಕೊನೆಯಲ್ಲಿ, ಚಂದ್ರ ಇಲ್ಲದ ದಿನ, ಒಂಬತ್ತರ ಸುಮಾರಿಗೆ ಉತ್ತರಕ್ಕೆ ಮುಖ ಮಾಡಿ ನಿಲ್ಲಿ. ಬೆಂಗಳೂರಿನ ಬೆಳಕು ಬೆನ್ನಿಗೆ ಬೀಳುತ್ತದೆ, ಪುಣ್ಯ. ಐದು ನಕ್ಷತ್ರ ಸೇರಿ 'ಎಂ' ಅಕ್ಷರದಂತೆ ಕಾಣುತ್ತವೆ, ಅದು ಕ್ಯಾಸಿಯೋಪಿಯಾ. ಕೈ ಚಾಚಿ ಮುಷ್ಟಿ ಹಿಡಿಯಿರಿ. 'ಎಂ'ನ ಎಡಗಡೆ ಶಿಖರದಿಂದ ನೇರ ಮೇಲಕ್ಕೆ ಒಂದೂವರೆ ಮುಷ್ಟಿ ಅಳೆಯಿರಿ. ಅಲ್ಲಿ ವಿಭೂತಿ ಒರೆಸಿದಂಥ ಒಂದು ಮಸುಕು. ದಿಟ್ಟಿಸಬೇಡಿ, ಸ್ವಲ್ಪ ಪಕ್ಕಕ್ಕೆ ನೋಡಿದರೆ ಚೆನ್ನಾಗಿ ಕಾಣುತ್ತದೆ. ಅದು ಆಂಡ್ರೊಮಿಡಾ ಗೆಲಾಕ್ಸಿ, ಕೋಟಿಗಟ್ಟಲೆ ನಕ್ಷತ್ರಗಳ ದೊಡ್ಡ ಗುಂಪು. ಆ ಬೆಳಕು ಹೊರಟು 25 ಲಕ್ಷ ವರ್ಷ ಆಯಿತು. ಬೈನಾಕ್ಯುಲರ್ ಇದ್ದರೆ ಸಾಕು. ನಾನು ಆನ್‌ಲೈನಲ್ಲಿ ಅಗ್ಗದ ಟೆಲಿಸ್ಕೋಪ್ ತರಿಸಿ ಕೆಟ್ಟೆ. ಅದರ ಸ್ಟ್ಯಾಂಡು ಉಸಿರು ಬಿಟ್ಟರೂ ಅಲ್ಲಾಡುತ್ತಿತ್ತು, ಈಗ ಹುಳು ಗೂಡು ಕಟ್ಟುವ ಹಳೇ ಚಂದ್ರಿಕೆ ತಟ್ಟೆಗಳ ಹಿಂದೆ ಬಿದ್ದಿದೆ.

"ವಿಶ್ವಕ್ಕೆ 1380 ಕೋಟಿ ವರ್ಷ. ಹಾಗಾದ್ರೆ ಗೋಚರ ವಿಶ್ವ 1380 ಕೋಟಿ ಜ್ಯೋತಿರ್ವರ್ಷದವರೆಗೆ, ಅಲ್ವಾ?" ಅಂದಳು ಅವಳು. ಜ್ಯೋತಿರ್ವರ್ಷ ಅಂದರೆ ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ. ಎಲ್ಲರೂ ಜಾರುವುದು ಇಲ್ಲೇ, ವಿಶ್ವ ಹಿಗ್ಗುತ್ತಲೇ ಇದೆ ಅನ್ನುವುದನ್ನು ಮರೆತು. ಸೊಪ್ಪಿನ ಹೊರೆಯನ್ನು ಬೈಕಿಗೆ ಕಟ್ಟುವ ಟ್ಯೂಬ್ ತಗೊಳ್ಳಿ. ಸೀಮೆಸುಣ್ಣದಲ್ಲಿ ಎರಡು ಗುರುತು ಹಾಕಿ. ಒಂದು ನಾವು, ಇನ್ನೊಂದು ಗೆಲಾಕ್ಸಿ. ಒಬ್ಬರು ಟ್ಯೂಬನ್ನು ನಿಧಾನಕ್ಕೆ ಎಳೆಯುತ್ತಲೇ ಇರಲಿ, ಅದೇ ಹಿಗ್ಗುವ ವಿಶ್ವ. ಇನ್ನೊಬ್ಬರು ಗೆಲಾಕ್ಸಿಯಿಂದ ನಮ್ಮ ಕಡೆಗೆ ಒಂದೇ ವೇಗದಲ್ಲಿ ಬೆರಳು ನಡೆಸಲಿ. ಆ ಬೆರಳೇ ಬೆಳಕು. ಬೆರಳು ಬಂದು ಮುಟ್ಟುವಷ್ಟರಲ್ಲಿ ಅದು ದಾಟಿ ಬಂದ ಟ್ಯೂಬೂ ಹಿಂದಿನಿಂದ ಹಿಗ್ಗಿರುತ್ತದೆ. ಬೆರಳು ನಡೆದದ್ದಕ್ಕಿಂತ ಗುರುತುಗಳ ಈಗಿನ ಅಂತರ ಜಾಸ್ತಿ. ಹೀಗಾಗಿಯೇ ಗೋಚರ ವಿಶ್ವದ ಅಂಚು ಇವತ್ತು ಸುಮಾರು 4650 ಕೋಟಿ ಜ್ಯೋತಿರ್ವರ್ಷ ದೂರ. ನಮ್ಮದು ಹಳೇ ಟ್ಯೂಬು, ಮೊದಲ ಸಲ ಪಟ್ಟಂತ ಹರಿದು ನನ್ನ ಮುಂಗೈಗೆ ಬಾರಿಸಿತು. ಹೊಸದನ್ನೇ ತಗೊಳ್ಳಿ.

ಆ ಸುದ್ದಿ ತರುವುದು ಬೆಳಕೇ ಆಗಬೇಕೆಂದಿಲ್ಲ. ಮೊದಲ 3.8 ಲಕ್ಷ ವರ್ಷ ವಿಶ್ವ ನಂದಿಬೆಟ್ಟದ ಬೆಳಗಿನ ಮಂಜಿನ ಹಾಗೆ ಇತ್ತು, ಬೆಳಕು ಆಚೆ ಬರಲಾಗುತ್ತಿರಲಿಲ್ಲ. ಆದರೆ ಯಾವುದಕ್ಕೂ ಸುಲಭವಾಗಿ ಸಿಕ್ಕದೆ ತೂರಿ ಹೋಗುವ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳಿಗೆ ಅಂಥ ಅಡ್ಡಿಯಿಲ್ಲ. ಪಕ್ಕದ ಕೋಲಾರ ಜಿಲ್ಲೆಯ ಕೆಜಿಎಫ್ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಆಳದಲ್ಲಿ, 1965ರಲ್ಲೇ ನ್ಯೂಟ್ರಿನೊಗಳ ಗುರುತು ಸಿಕ್ಕಿತ್ತು. ಅವು ನಮ್ಮ ವಾತಾವರಣದಲ್ಲಿ ಹುಟ್ಟಿದವು. ವಿಶ್ವ ಹುಟ್ಟಿದ ಕಾಲದ ನ್ಯೂಟ್ರಿನೊಗಳನ್ನು ನೇರವಾಗಿ ಹಿಡಿಯಲು ಇನ್ನೂ ಆಗಿಲ್ಲ.

"ಆ ಅಂಚಿನ ನಡುಮಧ್ಯ ನಾವೇ ಯಾಕಿದೀವಿ?" ಅಂತ ಮಗು ಕೇಳಿಯೇ ಕೇಳುತ್ತದೆ. ತಾರಸಿಯ ಸುತ್ತ ಕಾಣುವ ದಿಗಂತ ತೋರಿಸಿ. ನಾಲ್ಕು ಊರು ಆಚೆಯ ತಾರಸಿಯವರಿಗೆ ಅವರದ್ದೇ ದಿಗಂತ. ಆಂಡ್ರೊಮಿಡಾದಲ್ಲಿ ಯಾರಾದರೂ ಇದ್ದರೆ ಅವರಿಗೂ ಅವರದ್ದೇ ಗೋಚರ ವಿಶ್ವ.

ಕೆಳಗಿಳಿದ ಮೇಲೆ ಟ್ಯೂಬು, ಸೀಮೆಸುಣ್ಣ ಹಿಡಿದ ಕೈಯಲ್ಲೇ ಹುಳು ಮನೆಗೆ ನುಗ್ಗಬೇಡಿ. ಕೈ ತೊಳೆದು ಆಮೇಲೆ ಸೊಪ್ಪು ಮುಟ್ಟಿ.